ಲಗ್ನಪತ್ರಿಕೆ ಹಂಚಿ ಕೊಬ್ಬು ಕರಗಿಸಿದ್ದು

ನನ್ನ ಲಿವರಿನಲ್ಲಿ ಕೊಬ್ಬು ಸೇರಿದೆ ಎಂದು ಡಾಕ್ಟರು ಹೇಳಿದಾಗ ನಾನು ಒಂದಿಷ್ಟೂ ಹೆದರಲಿಲ್ಲ. ಸೇರಿದ್ದನ್ನು ಕರಗಿಸಿದರಾಯಿತು, ಅದರಲ್ಲೇನಿದೆ ಎಂಬ ಧೈರ್ಯ. ಮಾಚೇನಹಳ್ಳಿಯ ವರ್ಕ್‌ಶಾಪೊಂದರಲ್ಲಿ ಸ್ಟೋರ್‌ಕೀಪರ್ ಆಗಿ ಹದಿನಾರು ವರ್ಷ ಒಂದೇ ಕುರ್ಚಿಯಲ್ಲಿ ಕೂತವನು ನಾನು. ಕುರ್ಚಿ ಸವೆದಿತ್ತು, ನಾನು ಬೆಳೆದಿದ್ದೆ.

"ಕುಡೀತೀರಾ?" ಎಂದರು ಡಾಕ್ಟರು.

"ಕಾಫಿ, ಸಾರ್. ದಿನಕ್ಕೆ ಆರು."

ಅವರು ಸ್ಕ್ಯಾನಿನ ರಿಪೋರ್ಟು ಮಡಿಸಿ ಅಪ್ಪಣೆ ಕೊಡಿಸಿದರು. ಕೊಲೆಸ್ಟರಾಲ್, ಬಿಪಿ, ಹೊಟ್ಟೆಯ ಸುತ್ತಳತೆ ಮೂರೂ ಗೆರೆ ದಾಟಿವೆ. ದಿನಾ ಮುಕ್ಕಾಲು ಗಂಟೆ ಬಿರುಸಾಗಿ ನಡೆಯಬೇಕು. ಸಿಹಿ, ಕರಿದದ್ದು ಬಂದ್. ಅನ್ನ ಅರ್ಧ. ತೂಕ ಇಳಿದರೆ ಲಿವರೂ ಸುಧಾರಿಸುತ್ತದೆ.

ಹೆಂಡತಿ ಗಿರಿಜಾಳ ಚಿಂತೆ ಬೇರೆಯೇ ಆಗಿತ್ತು. "ಅಪ್ಪನ ಕಿವಿಗೆ ಮಾತ್ರ ಬೀಳಬಾರದು ರೀ. ಲಿವರ್ ಅಂದ್ರೆ ಅವರಿಗೆ ಒಂದೇ ಅರ್ಥ."

ಭದ್ರಾವತಿಯ ನಮ್ಮ ಮಾವ ಕಾರ್ಖಾನೆಯಿಂದ ರಿಟೈರಾದ ಮೇಲೆ, ಕುಡಿತ ಬಿಡಿಸುವ ಶಿಬಿರಗಳಿಗೆ ಮನೆಮನೆ ತಿರುಗಿ ಜನ ಸೇರಿಸುವುದನ್ನೇ ವ್ರತ ಮಾಡಿಕೊಂಡವರು. ಬೀದಿಯಲ್ಲಿ ಯಾರಾದರೂ ಎಡವಿದರೆ ಹತ್ತಿರ ಹೋಗಿ ಮೂಸಿ ನೋಡುವ ಮನುಷ್ಯ. ಅಂಥವರು ಊರೆಲ್ಲ "ನಮ್ಮ ಅಳಿಯ ಅಪ್ಪಟ ಬಂಗಾರ" ಎಂದು ಹೇಳಿಕೊಂಡು ಬಂದಿದ್ದರು. ಇಷ್ಟು ವರ್ಷದ ಸಂಸಾರದಲ್ಲಿ ನಾನು ಸಂಪಾದಿಸಿದ ಬಿರುದು ಅದೊಂದೇ. ಅದನ್ನು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಅದೇ ವಾರ ಭಾಮೈದನ ಮದುವೆಯ ಪತ್ರಿಕೆ ಕಟ್ಟು ಬಂತು. ಶಿವಮೊಗ್ಗದ ನಲವತ್ತೆರಡು ಮನೆ ನಮ್ಮ ಪಾಲಿಗೆ. ಪೋಸ್ಟಿಗೆ ಹಾಕಿದರೆ ಅದು ಕರೆದಂತಲ್ಲ. ಮನೆಗೆ ಹೋಗಿ, ಕೂತು, ಅರಿಶಿನ ಕುಂಕುಮ ಹಚ್ಚಿದ ಪತ್ರಿಕೆಯನ್ನು ಕೈಗೇ ಕೊಡಬೇಕು. ನನಗೆ ತಟ್ಟನೆ ಹೊಳೆಯಿತು.

"ಗಿರಿಜಾ, ಅಷ್ಟೂ ಮನೆಗೆ ನಡೆದೇ ಹೋಗ್ತೀನಿ. ಸ್ವಾಮಿಕಾರ್ಯಾನೂ ಆಯ್ತು, ಸ್ವಕಾರ್ಯಾನೂ ಆಯ್ತು."

ಗಿರಿಜಾ ನನ್ನನ್ನೂ ಅಂಗಳದ ಸ್ಕೂಟರನ್ನೂ ಒಮ್ಮೆ ನೋಡಿದಳು. "ನೀವಾ?" ಎಂದಳು. ಅಷ್ಟೇ.

ಮರುದಿನ ಬೆಳಿಗ್ಗೆ ಕ್ಯಾನ್ವಾಸ್ ಶೂ ಕಟ್ಟಿ, ಪತ್ರಿಕೆಯ ಚೀಲ ಹೆಗಲಿಗೇರಿಸಿ ದುರ್ಗಿಗುಡಿಯಿಂದ ದಂಡಯಾತ್ರೆ ಹೊರಟೆ. ಮೊದಲ ಮನೆ ನೆಂಟರಾದ ಬಸಣ್ಣ ಮೇಷ್ಟ್ರದು. ಪತ್ರಿಕೆ ಕೊಟ್ಟು ಎದ್ದೆ. ಅವರ ಹೆಂಡತಿ ಬಾಗಿಲಿಗೆ ಅಡ್ಡ ನಿಂತರು.

"ಮದುವೆ ಪತ್ರಿಕೆ ತಂದೋರು ಬಾಯಿ ಸಿಹಿ ಮಾಡ್ಕೊಳ್ದೆ ಹೊಸ್ತಿಲು ದಾಟ್ತಾರಾ ಮಾರಾಯ್ರೆ?"

ರವೆ ಉಂಡೆ ಬಂತು. ಶುಭಕಾರ್ಯ, ಒಲ್ಲೆ ಎನ್ನುವಂತಿಲ್ಲ. ಎರಡನೆಯ ಮನೆಯಲ್ಲಿ ಕೇಸರಿಬಾತ್. ಮೂರನೆಯ ಮನೆಯವರು "ಮೇಷ್ಟ್ರ ಮನೇಲಿ ಏನು ಕೊಟ್ರು?" ಎಂದು ವಿಚಾರಿಸಿದರು. ಒಂದು ಉಂಡೆ ಎಂದೆ. ಎರಡು ಉಂಡೆ ಬಂದವು. ಅಲ್ಲಿ ತಿಂದು ಇಲ್ಲಿ ತಿನ್ನದೆ ಎದ್ದರೆ ಮದುವೆಗೆ ಒಂದು ಮನೆಯೇ ಖೋತಾ! ಭಾಮೈದನ ಮದುವೆಯ ಪೂರ್ಣ ಹೊಣೆ ನನ್ನ ಹೊಟ್ಟೆಯ ಮೇಲೆ ಬಿದ್ದಿತ್ತು.

ಮನೆಯಲ್ಲಿ ಮಾತ್ರ ಕಟ್ಟುನಿಟ್ಟಿನ ಪಥ್ಯ. ಗಿರಿಜಾ ಅರ್ಧ ಮುದ್ದೆ, ಹೆಚ್ಚಿದ ಸೌತೆಕಾಯಿ ಬಡಿಸುತ್ತಿದ್ದಳು. ನಾನು ತ್ಯಾಗಮೂರ್ತಿಯಂತೆ ತಿಂದು ಏಳುತ್ತಿದ್ದೆ. "ಪಾಪ, ಸೊರಗಿ ಹೋಗಿದೀರಿ" ಎಂದು ಒಮ್ಮೆ ಮರುಗಿದಳು. ನಾನು ಅಲ್ಲಗಳೆಯಲಿಲ್ಲ.

ಹತ್ತನೆಯ ದಿನ ಪ್ಯಾಂಟಿನ ಕೊಕ್ಕೆ ಕಿತ್ತು ಬಂತು. ಅನುಮಾನದಿಂದ ರೈಲ್ವೆ ಸ್ಟೇಷನ್ನಿಗೆ ಹೋಗಿ, ಬಣ್ಣದ ದೀಪ ತಿರುಗುವ ತೂಕದ ಯಂತ್ರದ ಮೇಲೆ ನಿಂತು ನಾಣ್ಯ ಹಾಕಿದೆ. ಮೂರು ಕೆಜಿ ಜಾಸ್ತಿ! ಚೀಟಿಯ ಹಿಂದೆ ಭವಿಷ್ಯ ಬೇರೆ: 'ನಿಮ್ಮ ಪರಿಶ್ರಮಕ್ಕೆ ತಕ್ಕ ಫಲ ದೊರೆಯುತ್ತದೆ.'

ಆಗ ನಿಜಕ್ಕೂ ಭಯವಾಯಿತು. ಇನ್ನು ಒಂದು ತುಣುಕೂ ಮುಟ್ಟೆನೆಂದು ಶಪಥ ಮಾಡಿ, ಮಾವನ ಸ್ವಂತ ತಂಗಿ ಶಾಂತಮ್ಮತ್ತೆಯ ಮನೆಗೆ ಹೋದೆ. ತುಪ್ಪ ಸುರಿದ ಹೋಳಿಗೆ ಬಂತು.

"ಬೇಡಿ ಅತ್ತೆ. ಡಾಕ್ಟರು ಸಿಹಿ ಬಿಡಿಸಿದಾರೆ."

"ಯಾಕೆ, ಶುಗರ್ರಾ?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಶುಗರ್ ನಮ್ಮಲ್ಲಿ ಮರ್ಯಾದಸ್ಥರ ಕಾಯಿಲೆ. ಆದರೆ ಸತ್ಯ ಹೇಳುವ ಚಪಲ ನನ್ನದು. "ಅಲ್ಲ ಅತ್ತೆ, ಲಿವರ್ರು" ಎಂದುಬಿಟ್ಟೆ.

ಹೋಳಿಗೆಯ ತಟ್ಟೆ ಹಿಂದೆ ಸರಿಯಿತು. ಶಾಂತಮ್ಮತ್ತೆ ಎದ್ದು ಕಿಟಕಿ ಮುಚ್ಚಿ, ದನಿ ತಗ್ಗಿಸಿ ಕೇಳಿದರು. "ಎಷ್ಟು ವರ್ಷದಿಂದ?"

ನಾನು ವಿವರಿಸಿದೆ. ವಿವರಿಸಿದಷ್ಟೂ ಅವರ ಮುಖದಲ್ಲಿ ಮರುಕ ಹೆಚ್ಚಿತು. ಕುಡಿಯುವವರೆಲ್ಲ ಹೀಗೇ ವಿವರಿಸುತ್ತಾರೆಂದು ಅಣ್ಣ ಅವರಿಗೆ ಹೇಳಿದ್ದರಂತೆ.

ನಾನು ನಡೆದು ಮನೆ ಮುಟ್ಟುವ ಮೊದಲೇ ಫೋನಿನಲ್ಲಿ ಸುದ್ದಿ ಭದ್ರಾವತಿ ಮುಟ್ಟಿತ್ತು. ಮರುದಿನ ಮೊದಲ ಬಸ್ಸಿಗೇ ಮಾವ ಬಂದಿಳಿದರು. ಒಂದು ಕೈಯಲ್ಲಿ ಮನೆಯಿಂದ ಅತ್ತೆ ಕಳಿಸಿದ ಉಂಡೆಯ ಡಬ್ಬಿ, ಇನ್ನೊಂದರಲ್ಲಿ ಶಿಬಿರದ ಅರ್ಜಿ. ನನ್ನ ಹೆಸರು, ವಿಳಾಸ ಆಗಲೇ ಅವರ ದುಂಡಗಿನ ಅಕ್ಷರದಲ್ಲಿ ತುಂಬಿತ್ತು.

"ತಪ್ಪು ಯಾರು ಮಾಡಲ್ಲ ಅಳಿಯಂದ್ರೆ? ಹತ್ತೇ ದಿನ. ನಾನೂ ಜೊತೇಲಿರ್ತೀನಿ." ಅವರ ಕಣ್ಣು ಒದ್ದೆಯಾಗಿತ್ತು. ನನಗೆ ಭೂಮಿ ಬಾಯ್ಬಿಡಬಾರದೇ ಎನ್ನಿಸಿತು.

ಸೌತೆಕಾಯಿ ಹೆಚ್ಚುತ್ತಿದ್ದ ಗಿರಿಜಾ ಚಾಕು ಹಿಡಿದೇ ಒಳಗಿನಿಂದ ರಿಪೋರ್ಟು ತಂದಳು. "ಅಪ್ಪಾ, ಇವ್ರು ಒಂದು ತೊಟ್ಟೂ ಮುಟ್ಟಿದವರಲ್ಲ. ಕುಡೀದೆ ಇರೋರಿಗೂ ಇದು ಬರುತ್ತಂತೆ. ಹತ್ತು ದಿನದಿಂದ ಸೌತೆಕಾಯಿ ತಿಂದ್ಕೊಂಡು, ನಡೆದೇ ಪತ್ರಿಕೆ ಹಂಚ್ತಿದಾರೆ." ನನ್ನ ಎದೆ ಉಬ್ಬಿತು.

ಮಾವನಿಗೆ ತಮ್ಮ ನೆಂಟರು ಗೊತ್ತಿಲ್ಲವೇ? ಅವರು ನಿಧಾನವಾಗಿ ನನ್ನತ್ತ ತಿರುಗಿದರು. "ಎಷ್ಟು ಮನೆ ಆಯ್ತು?"

"ಮೂವತ್ತೊಂದು, ಮಾವ."

"ಎಲ್ಲಾ ಕಡೆ ತಿಂದ್ರಾ?"

"ಶಾಂತಮ್ಮತ್ತೆ ಮನೇಲಿ ತಿನ್ನಲಿಲ್ಲ."

ಗಿರಿಜಾ ಕೈಯಲ್ಲಿದ್ದ ಚಾಕುವನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು. ಮಾವ ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಸೇರಿಸಿದರು.

"ಕುಡಿಯೋರಾಗಿದ್ರೆ ಬಿಡಿಸಬಹುದಿತ್ತು ಅಳಿಯಂದ್ರೆ. ತಿನ್ನೋರಿಗೆ ಯಾವ ಶಿಬಿರಾನೂ ಇಲ್ವಲ್ಲ." ಆಮೇಲೆ ಪತ್ರಿಕೆಯ ಚೀಲವನ್ನು ತಮ್ಮ ಹೆಗಲಿಗೇರಿಸಿಕೊಂಡರು. "ಉಳಿದ ಮನೆಗೆ ನಾನು ಹೋಗ್ತೀನಿ. ನೀವು ಗಾಜನೂರು ರಸ್ತೆ ಹಿಡಿದು ನಡೀರಿ. ಆ ಕಡೆ ನಮ್ಮ ನೆಂಟರು ಯಾರೂ ಇಲ್ಲ."

ಹಾಗಾದರೆ ಅಪ್ಪಟ ಬಂಗಾರದ ಗತಿಯೇನು ಎಂದು ಕೇಳಬೇಕೆಂದಿದ್ದೆ. ಕೇಳಲಾಗಲಿಲ್ಲ. ಬಾಯಲ್ಲಿ ಅತ್ತೆ ಕಳಿಸಿದ ಉಂಡೆ ಇತ್ತು.