ನಾಲ್ಕಿಂಚಿನ ಎತ್ತರ

ರೆಕಾರ್ಡ್ ರೂಮಿನ ಗುಮಾಸ್ತರು ಜೀವನದಲ್ಲಿ ಮೇಲೇರಿದ್ದು ಒಂದೇ ಸಲ, ಅದೂ ನಾಲ್ಕಿಂಚು. ತಮ್ಮ ಹಳೆಯ ಜೀಪಿಗೆ ಉದ್ದನೆಯ ಸ್ಪ್ರಿಂಗ್, ಎಮ್ಮೆಯಂಥ ಟೈರು ಹಾಕಿಸಿ, ಬೀದಿಯವರನ್ನೆಲ್ಲ ಮೇಲಿನಿಂದ ನೋಡುವ ಸುಖ ಕಂಡುಕೊಂಡಿದ್ದರು. ಆ ಜೀಪು ಈವರೆಗೆ ಹತ್ತಿದ ದೊಡ್ಡ ಗುಡ್ಡವೆಂದರೆ ತರಕಾರಿ ಅಂಗಡಿ ಮುಂದಿನ ರಸ್ತೆಯುಬ್ಬು.

ಭಾನುವಾರ ಬೆಳಿಗ್ಗೆ ಗೇಟಿನಾಚೆ ತಿರುಗಿಸುವಾಗ ಮುಂದಿನ ಚಕ್ರದ ಹತ್ತಿರ ‘ಕಿರ್ರ್’ ಎಂದಿತು. ಬಗ್ಗಿ ನೋಡಿದರೆ ಬ್ರೇಕಿನ ರಬ್ಬರ್ ಪೈಪು ಟೈರಿಗೆ ಉಜ್ಜುತ್ತಿತ್ತು. ಸಂಜೆ ಐದರ ರೈಲಿಗೆ ಅತ್ತೆ ಬರುವವರಿದ್ದರು. ಜೀಪಿನಲ್ಲೇ ಕರೆತರುತ್ತೇನೆಂದು ಗುಮಾಸ್ತರು ಫೋನಿನಲ್ಲಿ ಕೊಚ್ಚಿಕೊಂಡಾಗಿತ್ತು.

“ಬ್ರೇಕ್ ಸರಿಯಾಗೋ ತನಕ ನಮ್ಮಮ್ಮ ಇದಕ್ಕೆ ಹತ್ತಲ್ಲ,” ಎಂದಳು ಹೆಂಡತಿ. “ಸರಿಯಾದ್ಮೇಲೂ ಏಣಿ ಬೇಕು.”

ಎದುರುಮನೆಯ ನಿವೃತ್ತ ಬಸ್ ಡ್ರೈವರ್ ಆಗಲೇ ಬನಿಯನ್ನಿನಲ್ಲಿ ಹಾಜರಾಗಿದ್ದರು. “ಮೂವತ್ತು ವರ್ಷ ಬಸ್ ಓಡಿಸ್ದೋನು ನಾನು. ಪೈಪನ್ನ ಮೇಲೆತ್ತಿ ತಂತೀಲಿ ಕಟ್ಟಿಬಿಡೋಣ ಸಾರ್. ಟೈರಿಗೆ ತಾಗೋ ಮಾತೇ ಇಲ್ಲ.” ಕಟ್ಟಿದ್ದೂ ಅವರೇ, ಟೊಮೇಟೊ ಗಿಡಕ್ಕೆ ಕೋಲು ಕಟ್ಟುವಷ್ಟು ಪ್ರೀತಿಯಿಂದ.

ತಾಗಲಿಲ್ಲ, ನಿಜ. ಆದರೆ ಗುಮಾಸ್ತರು ಓಡಿಸಿ ನೋಡುವಾಗ ಬೀದಿ ತಿರುವಿನ ಗುಂಡಿಗೆ ಚಕ್ರ ಇಳಿದದ್ದೇ ತಡ, ಮೊದಲೇ ಗಿಡ್ಡವಾಗಿದ್ದ ಪೈಪು ತಂತಿಯ ಬಿಗಿಗೆ ಹರಿದುಹೋಯಿತು. ಪೆಡಲು ಮೆತ್ತಗೆ ಪಾತಾಳಕ್ಕಿಳಿಯಿತು. ಜೀಪು ನಿಂತದ್ದು ವಿಮಾ ಏಜೆಂಟರ ಮನೆ ಮುಂದಿನ ಮರಳು ರಾಶಿಯಲ್ಲಿ.

ಏಜೆಂಟರು ಪೇಪರು ಮಡಚುತ್ತ ಬಂದರು. “ಸಾರ್, ಗಾಡಿ ಅಂದ್ರೆ ಬ್ರೇಕು. ಮಿಕ್ಕಿದ್ದೆಲ್ಲ ಅಲಂಕಾರ. ಬ್ರೇಕ್ ನೋಡ್ಕೊಳ್ದೋನು ಬೀದಿಗೇ ಇಳೀಬಾರ್ದು.” ಉಪದೇಶ ಅರ್ಧ ಗಂಟೆ ನಡೆಯಿತು. ಮರಳಿನಲ್ಲಿ ಹೂತ ಚಪ್ಪಲಿ ಹುಡುಕುತ್ತ ಗುಮಾಸ್ತರು ಪೂರ್ತಿ ಕೇಳಿಸಿಕೊಂಡರು.

ಕೊನೆಗೆ ಹೆಂಡತಿಯೇ ಫೋನ್ ಮಾಡಿ ಮೆಕ್ಯಾನಿಕ್ಕಮ್ಮನನ್ನು ಕರೆಸಿದಳು. ಆಕೆ ಜೀಪಿನಡಿ ತೂರಿ, ತಂತಿ ಬಿಚ್ಚಿ ಡ್ರೈವರ್ ಕೈಗಿಟ್ಟಳು. “ಇದು ನಿಮ್ದಿರ್ಬೇಕು. ಬಟ್ಟೆ ಒಣಹಾಕೋಕೆ ಇಟ್ಕೊಳ್ಳಿ.” ಆಮೇಲೆ ಗುಮಾಸ್ತರ ಕಡೆ ತಿರುಗಿದಳು. “ಗಾಡಿ ನಾಲ್ಕಿಂಚು ಎತ್ತಿದ್ರಿ. ಪೈಪು ತಾನಾಗೇ ಬೆಳೆಯುತ್ತೆ ಅನ್ಕೊಂಡ್ರಾ?”

ಮೂರು ಗಂಟೆಯ ಹೊತ್ತಿಗೆ ಮುಂದೆಯೂ ಹಿಂದೆಯೂ ಉದ್ದದ ಹೊಸ ಪೈಪು ಕೂತಿತು. ಜಾಕ್ ಕೊಟ್ಟು ಚಕ್ರ ಜೋತುಬೀಳಿಸಿ, ಸ್ಟಿಯರಿಂಗನ್ನು ಎರಡೂ ಕಡೆ ತುದಿಯವರೆಗೆ ತಿರುಗಿಸಿ, ಟೈರಿಗೂ ಪೈಪಿಗೂ ನಡುವೆ ಎರಡು ಬೆರಳು ಆಡಿಸಿ ನೋಡಿದಳು. ಬ್ರೇಕಿನೊಳಗಿನ ಗಾಳಿ ತೆಗೆದು, “ಈಗ ಒತ್ತಿ,” ಎಂದಳು. ಪೆಡಲು ಕಲ್ಲಿನಂತಿತ್ತು.

ಪರೀಕ್ಷೆಗೆಂದು ಗುಮಾಸ್ತರು ಜೀಪು ಹತ್ತಿದರು, ಡ್ರೈವರ್ ಅವರ ಪಕ್ಕದಲ್ಲಿ ಕೂತರು. ಜೀಪಿನ ಹಿಂದಿನ ಚಕ್ರಕ್ಕೆ ಬ್ರೇಕ್ ಹೇಗೆ ಹಿಡಿಯುತ್ತದೆಂದು ನೋಡಲು ಏಜೆಂಟರು ತಮ್ಮ ಪುಟ್ಟ ಕಾರು ತೆಗೆದು ಬೆನ್ನಿಗೇ ಅಂಟಿಕೊಂಡರು. ಬೀದಿಯ ಕೊನೆಯಲ್ಲಿ ಗುಮಾಸ್ತರು ಹೆಮ್ಮೆಯಿಂದ ಬ್ರೇಕ್ ಒತ್ತಿದರು. ಜೀಪು ಮೊಳೆ ಹೊಡೆದಂತೆ ನಿಂತಿತು.

ಕಾರು ನಿಲ್ಲಲಿಲ್ಲ. ಬೇರೆ ಜೀಪಾಗಿದ್ದರೆ ಬಂಪರಿಗೆ ಬಂಪರು ತಾಗಿ ಮುಗಿಯುತ್ತಿತ್ತು. ಇದು ಎತ್ತರದ್ದು. ಕಾರಿನ ಮೂತಿ ಮಂಚದಡಿ ಬೆಕ್ಕು ತೂರುವಂತೆ ತೂರಿ, ಹಿಂದಿನ ಹೊಸ ಪೈಪನ್ನು ಕಿತ್ತುಹಾಕಿತು. ಬ್ರೇಕ್ ಎಣ್ಣೆ ಟಾರಿನ ಮೇಲೆ ಹರಿಯತೊಡಗಿತು.

“ನಿಮ್ಮ ಬ್ರೇಕು?” ಎಂದರು ಗುಮಾಸ್ತರು.

“ಮೂರು ತಿಂಗಳಿಂದ ಸ್ವಲ್ಪ ಸಡಿಲ,” ಎಂದರು ಏಜೆಂಟರು, ಕಾರಿನಿಂದ ವಿಮೆಯ ಫಾರಂ ತೆಗೆಯುತ್ತ. “ನೀವು ಹಿಂಗೆ ಗಕ್ಕನೆ ನಿಲ್ಲಿಸ್ತೀರಿ ಅಂತ ಯಾರಿಗ್ಗೊತ್ತು?”

ಅಷ್ಟರಲ್ಲಿ ಸ್ಟೇಷನ್ನಿಗೆ ಹೊರಟ ಬಾಡಿಗೆ ಕಾರೊಂದು ಪಕ್ಕದಲ್ಲೇ ಹಾದುಹೋಯಿತು. ಒಳಗಿದ್ದ ಹೆಂಡತಿ ಇತ್ತ ತಿರುಗಿಯೂ ನೋಡಲಿಲ್ಲ.

“ನನ್ನ ಪಾಲಿಸೀನೂ ನೀವೇ ಮಾಡ್ಸಿದ್ದಲ್ವಾ?” ಗುಮಾಸ್ತರ ದನಿ ಇಳಿದಿತ್ತು.

“ಮಾಡ್ಸಿದ್ದೆ ಸಾರ್. ಆದ್ರೆ ಗಾಡಿ ಎತ್ತರ ಮಾಡಿದ್ದು ನೀವು ಕಂಪನಿಗೆ ತಿಳಿಸಿಲ್ವಲ್ಲ, ನಿಮಗೆ ಏನೂ ಬರಲ್ಲ. ನನ್ನ ಕಾರಿಗೆ ಬರುತ್ತೆ. ತಪ್ಪು ನಿಮ್ಮದೇ ಅಂತ ಇಲ್ಲೊಂದು ಸಹಿ ಹಾಕಿಬಿಡಿ.”

“ಸಾಕ್ಷಿ ಸಹಿ ನಾನು ಹಾಕ್ತೀನಿ,” ಎಂದು ಡ್ರೈವರ್ ಪೆನ್ನಿನ ಮುಚ್ಚಳ ತೆಗೆದರು.