ಬೀಗ ಹಾಕಿದ ಪ್ಯಾಡ್ ಡಬ್ಬ

ಬಿಟ್ಟಿ ಸಿಗುವ ವಸ್ತುವಿಗೆ ಬೀಗ ಹಾಕದಿದ್ದರೆ ನನಗೆ ತಿಂದ ಅನ್ನ ಮೈಗೆ ಹತ್ತುವುದಿಲ್ಲ. ಹುಟ್ಟುಗುಣವಲ್ಲ, ನೌಕರಿ ಕಲಿಸಿದ್ದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಎಂದು ನಾಲ್ಕೂ ಕಡೆ ವರ್ಗವಾಗಿ ಸುತ್ತಿದ ಗುಮಾಸ್ತ ನಾನು. ಕುಡಿಯುವ ನೀರಿನ ಲೋಟಕ್ಕೆ ಸರಪಳಿ, ಪೆನ್ನಿಗೆ ದಾರ, ಕೊನೆಗೆ ಪೊರಕೆಗೂ ಬೀರುವಾಸ. ಈ ಕತೆ ಯಾವ ಕಚೇರಿಯದ್ದು ಎಂದು ಮಾತ್ರ ಕೇಳಬೇಡಿ, ನನಗೆ ಪಿಂಚಣಿ ಬೇಕು.

ಮಹಿಳೆಯರ ಶೌಚಾಲಯದಲ್ಲಿ ಉಚಿತವಾಗಿ ಪ್ಯಾಡ್ ಇಡಬೇಕೆಂದು ಮೇಲಿನಿಂದ ಆದೇಶ ಬಂತು. ಅದನ್ನು ಗಟ್ಟಿಯಾಗಿ ಓದಲು ನಾಚಿಕೆಯಾಗಿ 'ಆ ಸಾಮಾನು' ಎಂದೇ ಟಿಪ್ಪಣಿ ಬರೆದೆ. ಯಾವ ಸಾಮಾನು ಎಂದು ಸಾಹೇಬರು ಕೇಳಿದಾಗ ಆದೇಶದ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಅವರೂ ಕೆಮ್ಮಿ ಸಹಿ ಹಾಕಿದರು. ಗೋಡೆಗೆ ತಗಡಿನ ಡಬ್ಬ ಬಂತು, ಡಬ್ಬಕ್ಕೆ ನನ್ನ ಬೀಗ ಬಂತು. 'ಬೇಕಾದವರು ಗುಮಾಸ್ತರನ್ನು ಸಂಪರ್ಕಿಸಿ' ಎಂದು ಚೀಟಿಯನ್ನೂ ಅಂಟಿಸಿದೆ. ಎರಡು ತಿಂಗಳಾದರೂ ಒಬ್ಬರೂ ಸಂಪರ್ಕಿಸಲಿಲ್ಲ. 'ಬೇಡಿಕೆ ಇರುವುದಿಲ್ಲ' ಎಂದು ಹೆಮ್ಮೆಯಿಂದ ವರದಿ ಕಳಿಸಿದೆ. ಅಟೆಂಡರ್ ಜಯಮ್ಮ ಆ ಚೀಟಿಯ ಕಡೆ ನೋಡಿದಾಗಲೆಲ್ಲ ಮೂಗು ಮುರಿಯುತ್ತಿದ್ದಳು. ನನ್ನ ಕೈಬರಹ ಹಿಡಿಸಿಲ್ಲವೇನೋ ಎಂದುಕೊಂಡಿದ್ದೆ.

ಒಂದು ಸೋಮವಾರ ಸರಗೂರು ಕಡೆಯಿಂದ ಸೌಮ್ಯ ಎಂಬ ಹುಡುಗಿ ಜಾತಿ-ಆದಾಯ ಪ್ರಮಾಣಪತ್ರಕ್ಕೆ ಬಂದಿದ್ದಳು. ಕಾಲೇಜು ಹಾಸ್ಟೆಲಿಗೆ ಅರ್ಜಿ ಹಾಕಲು ಅವತ್ತೇ ಕಡೆಯ ದಿನ. ಸಾಹೇಬರು ಒಂದು ಗಂಟೆಗೆ ಮೈಸೂರಿಗೆ ಮೀಟಿಂಗಿಗೆ ಹೊರಡುವವರು. ಅಷ್ಟರೊಳಗೆ ಅವಳು ಮೂಲ ದಾಖಲೆ ತೋರಿಸಿ ಸಹಿ ಹಾಕಬೇಕಿತ್ತು. ಮೂರು ಸಲ ಹೆಸರು ಕೂಗಿದೆ. ಎದುರಿನ ಬೆಂಚಿನ ಮೇಲೆಯೇ ಕೂತಿದ್ದಾಳೆ, "ಇಲ್ಲೇ ಇವ್ನಿ ಸಾರ್" ಎನ್ನುತ್ತಾಳೆ, ಏಳುವುದಿಲ್ಲ! ಕರೆದಾಗ ಬಾರದವರ ಅರ್ಜಿ ಕಟ್ಟಿನ ಅಡಿಗೆ ಹೋಗುವುದು ನಮ್ಮಲ್ಲಿ ಪದ್ಧತಿ. ಈಗಿನ ಮಕ್ಕಳಿಗೆ ಮೈಬಗ್ಗುವುದಿಲ್ಲ ಎಂದು ಗೊಣಗಿ ಅವಳದನ್ನೂ ಅಡಿಗೆ ತಳ್ಳಿದೆ.

ಜಯಮ್ಮ ಬಿರುಸಾಗಿ ಬಂದು ಮೇಜಿನ ಮುಂದೆ ನಿಂತಳು. "ಸಾ, ಡಬ್ಬದ ಬೀಗದ ಕೈ ಕೊಡಿ. ಆ ಮಗ ಎದ್ದೇಳಂಗಿಲ್ಲ, ಬಟ್ಟೆಯೆಲ್ಲ ಕೆಟ್ಟೋಗದೆ."

"ಮೊದಲೇ ಬಂದು ಕೇಳಬಾರದಿತ್ತಾ? ಚೀಟಿ ಅಂಟಿಸಿದ್ದೀನಲ್ಲ."

"ಯಾವ ಎಣ್ಮಗ ಬಂದು ನಿಮ್ಮ ಮೀಸೆ ಮುಂದೆ ನಿಂತ್ಕಂಡು ಕೇಳದು ಸಾ? ನಾನೇ ಕೇಳ್ನಿಲ್ಲ ಇಷ್ಟ್ ದಿನ!"

ಕಪಾಳಕ್ಕೆ ಹೊಡೆದಂತಾಯಿತು. ಜೇಬಿಗೆ ಕೈ ಹಾಕಿದೆ. ಬೀಗದ ಕೈ ಇರಲಿಲ್ಲ. ಅದು ಸ್ಕೂಟರಿನ ಕೀ ಗೊಂಚಲಲ್ಲಿತ್ತು. ಸ್ಕೂಟರು ರಿಪೇರಿಗೆಂದು ಹುಣಸೂರಿನ ಗ್ಯಾರೇಜಿನಲ್ಲಿತ್ತು. ಗಡಿಯಾರದಲ್ಲಿ ಹನ್ನೆರಡೂವರೆ. ಇನ್ನೇನು ಮಾಡಲಿ, ಕಚೇರಿಯ ಬಾಗಿಲಿಗೆ ಒತ್ತು ಕೊಡುವ ಗುಂಡುಕಲ್ಲನ್ನು ಹೊತ್ತುಕೊಂಡು ಮಹಿಳೆಯರ ಶೌಚಾಲಯಕ್ಕೆ ಓಡಿದೆ. ಜಯಮ್ಮ ಮುಂದೆ ಹೋಗಿ, "ಒಳಗೆ ಯಾರಾರ ಇದ್ದೀರೇನ್ರಮ್ಮಾ, ಗಂಡಸು ಬತ್ತಾವ್ನೆ" ಎಂದು ಸಾರಿದಳು. ಮೊದಲ ಏಟು ಬೀಗಕ್ಕೆ ಬೀಳದೆ ನನ್ನ ಹೆಬ್ಬೆರಳಿಗೆ ಬಿತ್ತು. ಸದ್ದಿಗೆ ಸರತಿಯಲ್ಲಿದ್ದವರೆಲ್ಲ ಕಳ್ಳನೆಂದು ಓಡಿಬಂದರು. ಹಿಂದೆಯೇ ಸಾಹೇಬರು. "ಏನ್ರೀ ಒಡೀತಿದ್ದೀರಿ?" ಎಂದರು. ಬೆರಳಿನ ನೋವಿಗೋ ಏನೋ, ಇಡೀ ಕಚೇರಿಗೆ ಕೇಳುವಂತೆ "ಪ್ಯಾಡ್ ಸಾರ್, ಪ್ಯಾಡ್!" ಎಂದು ಕೂಗಿದೆ. ಆಕಾಶವೇನೂ ಕಳಚಿ ಬೀಳಲಿಲ್ಲ. ಮೂರನೆಯ ಏಟಿಗೆ ಬೀಗ ಒಡೆದು ಬಿತ್ತು.

ಜಯಮ್ಮ ತನ್ನ ಶಾಲನ್ನು ಸೌಮ್ಯಳ ಸೊಂಟಕ್ಕೆ ಸುತ್ತಿ ಒಳಗೆ ಕರೆದೊಯ್ದಳು. ನಾನು ಅರ್ಜಿಯನ್ನು ಅಡಿಯಿಂದ ಎಳೆದು ಮೇಲಿಟ್ಟೆ. ಜೀಪು ಸ್ಟಾರ್ಟಾಗಿ ನಿಂತಿತ್ತು. ಸಾಹೇಬರು ಮಾತ್ರ ಬಂದು ಕುರ್ಚಿಯಲ್ಲಿ ಕೂತು ಕಾದರು. ಒಂದಕ್ಕೆ ಐದು ನಿಮಿಷವಿದೆ ಎನ್ನುವಾಗ ಪ್ರಮಾಣಪತ್ರ ಅವಳ ಕೈ ಸೇರಿತು. ಊದಿದ ನನ್ನ ಹೆಬ್ಬೆರಳನ್ನು ನೋಡಿ, "ತುಂಬ ನೋಯ್ತದಾ ಸಾರ್?" ಎಂದಳು. ನನಗೆ ನಿಜಕ್ಕೂ ನಾಚಿಕೆಯಾಗಿದ್ದು ಆಗ.

ಆದರೆ ನಾಚಿಕೆ ಎಷ್ಟು ಹೊತ್ತು ಇರುತ್ತದೆ? ಬಸ್ಸು ಹುಣಸೂರು ಮುಟ್ಟುವಷ್ಟರಲ್ಲಿ ನಾನು ವೀರನಾಗಿದ್ದೆ. ಮನೆಗೆ ಬಂದವನೇ ಹೆಂಡತಿಗೆ ಎಲ್ಲವನ್ನೂ, ಹೆಬ್ಬೆರಳಿನ ಸಮೇತ, ವರ್ಣಿಸಿದೆ. ಅವಳು ಸೊಪ್ಪು ಬಿಡಿಸುತ್ತಲೇ ಕೇಳಿಸಿಕೊಂಡಳು.

"ನಮ್ಮನೇಲಿ ಅದನ್ನ ಎಲ್ಲಿಟ್ಟಿದ್ದೀನಿ, ಗೊತ್ತಾ ನಿಮಗೆ?"

ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷದ ಸಂಸಾರ, ಹದಿನೇಳು ವರ್ಷದ ಮಗಳು.

"ಬೀರುವಿನಲ್ಲಿ, ಹಳೇ ಸೀರೆಗಳ ಹಿಂದೆ, ಬೀಗ ಹಾಕಿ. ಮದುವೆಯಾದ ಹೊಸದರಲ್ಲಿ ಬಚ್ಚಲಮನೆ ಗೂಡಿನಲ್ಲಿ ಇಟ್ಟಿದ್ದೆ. 'ಇದನ್ನೆಲ್ಲ ಕಣ್ಣೆದುರಿಗೆ ಇಡ್ತಾರಾ' ಅಂತ ಮುಖ ಸಿಂಡರಿಸಿದ್ರಿ. ಮಗಳಿಗೂ ಅದೇ ಜಾಗ ತೋರಿಸಿಕೊಟ್ಟಿದ್ದೀನಿ."

ಅವಳು ಸೊಪ್ಪಿನ ಕಡ್ಡಿ ಗುಡಿಸಿ ಎದ್ದು ಕೇಳಿದಳು:

"ಆ ಕಲ್ಲು ಅಲ್ಲೇ ಬಿಟ್ಟು ಬಂದ್ರಾ?"