ಏರೋಪ್ಲೇನಿಗೆ ಕೊಂಬಿನ ಬಣ್ಣ

ನಮ್ಮ ಮನೆಯಲ್ಲಿ ಒಂದು ವಿಮಾನವಿದೆ. ಹೀಗೆಂದರೆ ಹೊಸಬರು ನನ್ನನ್ನು ಒಂದು ಥರ ನೋಡುತ್ತಾರೆ. ನೋಡಲಿ! ಕಂಬಂ ಕಣಿವೆಯ ಕಾಮಯಗೌಂಡನ್‌ಪಟ್ಟಿಯಲ್ಲಿ ದ್ರಾಕ್ಷಿ ಚಪ್ಪರ ಇರುವವರು ಬೇಕಾದಷ್ಟು ಜನ. ಆದರೆ ಒಂದೇ ಕೊಟ್ಟಿಗೆಯಲ್ಲಿ ಹಸು, ಟ್ರ್ಯಾಕ್ಟರು, ವಿಮಾನ ಮೂರನ್ನೂ ಕಟ್ಟಿಕೊಂಡವನು ನಾನೊಬ್ಬನೇ.

ಅದನ್ನು ತಂದವರು ನಮ್ಮಪ್ಪ. ಎಲ್ಲೋ ಒಂದು ವಿಮಾನ ಕಲಿಸುವ ಕ್ಲಬ್ಬು ಮುಚ್ಚಿದಾಗ ಹರಾಜಿನಲ್ಲಿ ಹಿಡಿದರು. ಎರಡು ಸೀಟು, ಮರದ ಪಂಕ, ಬಟ್ಟೆ ಹೊದಿಸಿದ ರೆಕ್ಕೆ. ಒಡ್ಡನ್‌ಛತ್ರಂ ಮಾರ್ಕೆಟ್ಟಿನ ತರಕಾರಿಯನ್ನು ದೂರದೂರಿನಲ್ಲಿ ಇಳಿಸಿ ಖಾಲಿ ಬರುತ್ತಿದ್ದ ಲಾರಿಯಲ್ಲಿ ಬಿಡಿಬಿಡಿಯಾಗಿ ಊರಿಗೆ ಬಂತು. ದ್ರಾಕ್ಷಿಗೆ ಆಕಾಶದಿಂದಲೇ ಔಷಧಿ ಹೊಡೆಯುವುದು ಅಪ್ಪನ ಘನವಾದ ಯೋಜನೆ. ಗೊಂಚಲು ಇರುವುದು ಚಪ್ಪರದ ಕೆಳಗೆ ಎಂಬುದು ಅವರಿಗೆ ಹೊಳೆದದ್ದು ವಿಮಾನ ಬಂದ ಮೇಲೆ!

ಹಾರಿಸಲು ಪರವಾನಗಿ ಇರಲಿಲ್ಲ, ಹಾರಿಸುವುದು ಗೊತ್ತೂ ಇರಲಿಲ್ಲ. ಆದರೂ ಪ್ರತಿ ಭಾನುವಾರ ಸಂಜೆ ಬಿಳಿ ವೇಷ್ಟಿ ಉಟ್ಟು, ಕಪ್ಪು ಕನ್ನಡಕ ಏರಿಸಿ, ಒಳಗೆ ಕೂತು ಎಂಜಿನ್ ಓಡಿಸುತ್ತಿದ್ದರು. ವಿಮಾನ ನಿಂತಲ್ಲೇ ನಡುಗುತ್ತಿತ್ತು. ಹಾರುತ್ತಿದ್ದದ್ದು ಕಣದಲ್ಲಿ ಅವ್ವ ಒಣಹಾಕಿದ ಸಂಡಿಗೆ ಮಾತ್ರ. ಅವ್ವ ಒಳಗಿಂದ ಓಡಿಬಂದು, "ಏನುಂಗ! ನಿಲ್ಸಿ ಅದ! ನನ್ನ ವಡಾಂ ಎಲ್ಲಾ ಮಣ್ಣಾಗೋಯ್ತು!" ಎಂದು ಕೂಗುತ್ತಿದ್ದಳು. ನಮ್ಮಲ್ಲಿ ಗಂಡನನ್ನು ಕರೆಯುವುದು ಹಾಗೆ, ಏನುಂಗ ಎಂದು. ಅಪ್ಪ ಕಿವಿ ಕೇಳದವರಂತೆ ಕೈ ಬೀಸುತ್ತಿದ್ದರು. ನಮ್ಮ ಮನೆಯ ಭಾನುವಾರವೆಂದರೆ ಅದು.

ಹಳೇ ವಿಮಾನದ ಹುಚ್ಚಿರುವವರು ಆಗಲೂ ಹುಡುಕಿಕೊಂಡು ಬರುತ್ತಿದ್ದರು. ಅಪ್ಪ ಅವರಿಗೆ ಎಳನೀರು ಕೊಟ್ಟು, ಹೊರಡುವಾಗ ಪನ್ನೀರು ದ್ರಾಕ್ಷಿಯ ಬುಟ್ಟಿ ಹೊರಿಸಿ ಕಳಿಸುತ್ತಿದ್ದರು. ಅಪ್ಪ ಹೋದ ಮೇಲೆ ಎಂಜಿನ್ನೂ ಬಾಯಿ ಮುಚ್ಚಿತು. ಕಿಡಿ ಕೊಡುವ ಮ್ಯಾಗ್ನೆಟೋ ಕೆಟ್ಟಿತ್ತು. ಪಂಪ್‌ಸೆಟ್ ಮೆಕ್ಯಾನಿಕ್ ಬಂದು ನೋಡಿ, ಕೈ ಮುಗಿದು ಹೋದ. ಕೋಳಿಗಳು ಪೈಲಟ್ ಸೀಟಿನಲ್ಲಿ ಸಂಸಾರ ಹೂಡಿದವು.

ಒಂದು ಭಾನುವಾರ ಅವ್ವ ಕಣದ ಕಟ್ಟೆ ಮೇಲೆ ಕೂತು, "ರಂಗಾ, ಕಿವಿ ಬಣಗುಟ್ತದೆ ಕಣೋ. ಬೈದ್ಕೊಂಡಾದ್ರೂ ಆ ಸದ್ದ ಇನ್ನೊಂದ್ಸಾರಿ ಕೇಳ್ಬೇಕು," ಅಂದಳು. ಅವ್ವ ಏನನ್ನೂ ಕೇಳುವವಳಲ್ಲ. ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಅದಕ್ಕೇ ಬೆಂಗಳೂರಿನಿಂದ ಶಶಿಧರರಾಯರು ಫೋನ್ ಮಾಡಿದಾಗ ನಾನು ನೆಲದ ಮೇಲೆ ನಿಲ್ಲಲಿಲ್ಲ! ಪ್ರಾಯದಲ್ಲಿ ಇಂಥದೇ ವಿಮಾನದಲ್ಲಿ ಹಾರಲು ಕಲಿತವರಂತೆ. ಗುಜರಿಯಲ್ಲಿ ಹುಡುಕಿ ಮ್ಯಾಗ್ನೆಟೋ ತರುತ್ತೇನೆ, ಇಬ್ಬರು ಸ್ನೇಹಿತರೊಂದಿಗೆ ಬರುತ್ತೇನೆ, ಎಂಜಿನ್ ಓಡಿಸಿಯೇ ಹೋಗುತ್ತೇನೆ ಎಂದರು. ಕೊನೆಗೆ ಹೇಳಿದರು: "ಒಂದೇ ಒಂದು ಮಾತು. ಅದು ಹೇಗಿದೆಯೋ ಹಾಗೇ ಇರಲಿ. ಧೂಳು ಕೂಡ ಒರೆಸಬೇಡಿ. ನಮಗಾಗಿ ಏನೂ ತೊಂದರೆ ತಗೋಬೇಡಿ."

ಇಲ್ಲೇ ನೋಡಿ, ಎಡವಿದ್ದು. ನಮ್ಮವರಲ್ಲಿ ನೆಂಟರು "ಏನೂ ಬೇಡ" ಎಂದರೆ ಕೋಳಿ ಕುಯ್ಯಬೇಕು ಎಂದರ್ಥ. "ತೊಂದರೆ ತಗೋಬೇಡಿ" ಎಂದರೆ ಪಾಯಸವೂ ಆಗಬೇಕು. ಶತಮಾನಗಳಿಂದ ತಮಿಳುನಾಡಿನಲ್ಲಿ ಬೇರು ಬಿಟ್ಟು, ಮನೆಯೊಳಗೆ ಕನ್ನಡ ಉಳಿಸಿಕೊಂಡಿರುವ ಮರ್ಯಾದಸ್ಥ ಜನ ನಾವು. ಬೆಂಗಳೂರಿನಿಂದ ಬರುವವರಿಗೆ ಕೋಳಿ ಹಿಕ್ಕೆ ತೋರಿಸುವುದೇ?

"ಒರೆಸ್ಬೇಡಿ ಅಂದವ್ರಲ್ಲುಂಗ?" ಎಂದಳು ಹೆಂಡತಿ ರುಕ್ಕು.

"ಪಾಪ, ಸಂಕೋಚ! ದೊಡ್ಡವ್ರು ಬಾಯಿ ಬಿಟ್ಟು ಒರ್ಸು ಅಂತಾರಾ?"

ರುಕ್ಕು ಹಣೆ ಚಚ್ಚಿಕೊಂಡು ಒಳಗೆ ಹೋದಳು.

ಮೊದಲು ಕೋಳಿಗಳನ್ನು ಒಕ್ಕಲೆಬ್ಬಿಸಿದೆ. ಆಮೇಲೆ ಎಂಜಿನ್ನಿನ ಮೇಲೆ ಟಾರ್ಪಾಲು ಕಟ್ಟಿ, ಟ್ರ್ಯಾಕ್ಟರು ತೊಳೆಯುವ ಹೋಸು ಹಿಡಿದೆ. ವಿಮಾನಕ್ಕೆ ಮಂಗಳಸ್ನಾನ! ಹಳೇ ಬಟ್ಟೆಯ ರೆಕ್ಕೆ, ಹೊಟ್ಟೆ ತುಂಬ ನೀರು ಕುಡಿದು ಪರ್ರೆಂದು ಹರಿಯಿತು. ಆದರೆ ನಾನು ಸುಮ್ಮನೆ ಕೂರುವ ಜಾತಿಯಲ್ಲ. ಪೆಟ್ಟಿಗೆಯಲ್ಲಿ ಅಪ್ಪನ ವೇಷ್ಟಿ ಇತ್ತು. ಪೋಸ್ಟರು ಅಂಟಿಸುವ ಮೈದಾ ಗೋಂದು ಕಾಯಿಸಿ, ವೇಷ್ಟಿಯನ್ನು ಉದ್ದಕ್ಕೆ ಹಾಸಿ ಅಂಟಿಸಿದೆ. ಜರಿ ಅಂಚು ಚೆನ್ನಾಗಿಯೇ ಕಂಡಿತು.

ಬಿಳಿ ತೇಪೆ ಎದ್ದು ಕಾಣಬಾರದಲ್ಲ? ಗೇಟಿಗೆ ಹೊಡೆದು ಮಿಕ್ಕ ನೀಲಿ ಬಣ್ಣ ಇತ್ತು. ವೇಷ್ಟಿಯಿಂದ ಶುರುಮಾಡಿದವನು ಬಾಲದವರೆಗೂ ಬಳಿದುಬಿಟ್ಟೆ! ಅಲ್ಲಿಗಾದರೂ ನಿಲ್ಲಿಸಬಹುದಿತ್ತು. ಆದರೆ ದನಗಳ ಹಬ್ಬ ಮಾಟುಪೊಂಗಲ್ ಕಳೆದು ಹೆಚ್ಚು ದಿನವಾಗಿರಲಿಲ್ಲ, ಎತ್ತಿನ ಕೊಂಬಿಗೆ ಬಳಿಯುವ ಬಣ್ಣ ಡಬ್ಬಿಯಲ್ಲಿ ಉಳಿದಿತ್ತು. ಕೊಟ್ಟಿಗೆಯಲ್ಲಿ ನಿಂತದ್ದಕ್ಕೆಲ್ಲ ಕೊಂಬಿನ ಶಾಸ್ತ್ರ ಮಾಡುವುದು ನಮ್ಮ ಮನೆಯ ವಾಡಿಕೆ. ಟ್ರ್ಯಾಕ್ಟರಿಗೂ ಮಾಡುತ್ತೇವೆ. ವಿಮಾನ ಏನು ಪಾಪ ಮಾಡಿತ್ತು? ಪಂಕದ ಒಂದು ತುದಿಗೆ ಕೆಂಪು, ಇನ್ನೊಂದಕ್ಕೆ ಹಸಿರು ಬಳಿದೆ. ಮೂತಿಗೆ ಗಂಧ, ಕುಂಕುಮ, ಚೆಂಡುಹೂವಿನ ಮಾಲೆ. ಗಾಲಿಗೆ ನಿಂಬೆಹಣ್ಣು.

"ಹೆಂಗದೆ?" ಎಂದೆ ಅವ್ವನಿಗೆ.

ಅವ್ವ ಮೂತಿಯಿಂದ ಬಾಲದವರೆಗೂ ನೋಡಿದಳು. "ಹಾಲು ಕರೀತದಾ?" ಅಂದಳು.

ಮಾರನೇ ದಿನ ರಾಯರ ಕಾರು ಬಂತು. ಬಿಳಿ ಶರ್ಟು, ಕೈಯಲ್ಲಿ ಮಗುವಿನಂತೆ ಎತ್ತಿಕೊಂಡ ಮ್ಯಾಗ್ನೆಟೋ ಪೊಟ್ಟಣ. ನಾನು ನಾಟಕದ ಪರದೆ ಸರಿಸುವವನಂತೆ ಕೊಟ್ಟಿಗೆಯ ಬಾಗಿಲು ತೆರೆದೆ.

ಸ್ನೇಹಿತರಿಬ್ಬರೂ ಕ್ಯಾಮೆರಾ ಕೆಳಗಿಳಿಸಿದರು. ರಾಯರು ಟೋಪಿ ತೆಗೆದರು. ಸಾವಿನ ಮನೆಯಲ್ಲಿ ತೆಗೆಯುತ್ತಾರಲ್ಲ, ಹಾಗೆ. ಮೆಲ್ಲನೆ ಮೇವಿನ ಕಟ್ಟಿನ ಮೇಲೆ ಕೂತರು.

"ಕ್ಲಬ್ಬಿನ ಬಣ್ಣ ಇತ್ತಲ್ಲ... ಹಳದಿ... ಅದರ ಮೇಲೆ ಕಪ್ಪು ಅಕ್ಷರ..."

"ಮಾಸಿ ಹೋಗಿತ್ತು ಸಾರ್! ಎಲ್ಲಾ ಮುಚ್ಚಿಬಿಟ್ಟೆ!" ಎಂದೆ ಹೆಮ್ಮೆಯಿಂದ.

"ಆ ಮಾಸಿದ ಬಣ್ಣ ನೋಡೋಕೇ ಬಂದೆ ಕಣ್ರೀ!" ಎಂದರು ರಾಯರು. "ಇಂಥ ವಿಮಾನಕ್ಕೆ ಹೊಸ ಬಣ್ಣ ಎಲ್ಲರೂ ಹೊಡೀತಾರೆ. ಹಳೇ ಬಣ್ಣದ್ದು ನಾನು ಎಲ್ಲೂ ನೋಡಿಲ್ಲ. ನಿಮ್ಮ ಹತ್ತಿರ ಇತ್ತು. ಏನೂ ಮುಟ್ಟಬೇಡಿ ಅಂದಿದ್ದೆನಲ್ಲ?"

ಅವರು ಅಂದದ್ದು ನಿಜವಾಗಿಯೂ ಅದೇ ಎಂದು ನನಗೆ ಗೊತ್ತಾದದ್ದು ಆಗ! ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿಟ್ಟಿದ್ದೆ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ರಾಯರು ಪೊಟ್ಟಣ ಬಿಚ್ಚಲೇ ಇಲ್ಲ. ಎದ್ದು ಕಾರಿನ ಕಡೆ ಎರಡು ಹೆಜ್ಜೆ ಹಾಕಿಯೂ ಬಿಟ್ಟರು. ಅವ್ವ ಕೇಳಿದ್ದ ಸದ್ದು ನನ್ನಿಂದಲೇ ಕೈತಪ್ಪಿ ಹೋಗುತ್ತಿತ್ತು.

ಆಗ ಅವ್ವ ಕಣದಿಂದ ಎದ್ದು ಬಂದಳು. "ಇವ ಪೆದ್ದ, ಸಾಮಿ. ಇವರಪ್ಪನೂ ಹಿಂಗೇ. ನಂಗೆ ಬಣ್ಣ ಬೇಕಿಲ್ಲ. ಸದ್ದು ಮಾತ್ರ ಕೇಳಿಸ್ಬಿಟ್ಟು ಹೋಗಪ್ಪಾ."

ರಾಯರು ಅವಳನ್ನು ನೋಡಿದರು. ಆಮೇಲೆ ಶರ್ಟಿನ ತೋಳು ಮಡಚಿದರು.

ವಿಮಾನವನ್ನು ಕಣಕ್ಕೆ ತಳ್ಳಿದೆವು. ಮಾಲೆ ತೆಗೆಸಿದರು, ನಿಂಬೆಹಣ್ಣಿನ ಜಾಗಕ್ಕೆ ಮರದ ದಿಮ್ಮಿ ಇಡಿಸಿದರು. ಮ್ಯಾಗ್ನೆಟೋ ಕೂರಿಸಿ, ತೊಟ್ಟಿ ತೊಳೆದು ಹೊಸ ಪೆಟ್ರೋಲು ಹಾಕುವಷ್ಟರಲ್ಲಿ ಬಿಸಿಲು ಇಳಿದಿತ್ತು. ಒಬ್ಬ ಸ್ನೇಹಿತರು ಒಳಗೆ ಕೂತರು. ರಾಯರು ಪಂಕ ಹಿಡಿದು ಎಳೆದರು. ಕೆಮ್ಮಿತು. ಮತ್ತೆ ಎಳೆದರು. ಹೊಗೆ ಬಂತು. ಇನ್ನೊಮ್ಮೆ ಎಳೆದು ಹಿಂದೆ ಹಾರಿದ್ದೇ ತಡ, ಢರ್ರ್ ಎಂದು ಇಡೀ ಕಣಿವೆಗೇ ಕೇಳುವಂತೆ ಹೊಡೆದುಕೊಂಡಿತು!

ದಪ್ಪಗೆ ಬಳಿದಿದ್ದ ಕೊಂಬಿನ ಬಣ್ಣ ಒಳಗೆ ಇನ್ನೂ ಒಣಗಿರಲಿಲ್ಲ. ಪಂಕ ಅದನ್ನು ಸುತ್ತಲೂ ಸಮನಾಗಿ ಹಂಚಿತು. ರಾಯರ ಬಿಳಿ ಶರ್ಟು ಅರ್ಧ ಕೆಂಪು, ಅರ್ಧ ಹಸಿರು! ಮರುಕ್ಷಣ ನನ್ನ ಮೈದಾ ಗೋಂದು ಬಿಟ್ಟುಕೊಂಡಿತು. ಅಪ್ಪನ ವೇಷ್ಟಿ ರೆಕ್ಕೆಯಿಂದ ಕಿತ್ತುಕೊಂಡು ಎದ್ದಿತು. ಕಣ ದಾಟಿ, ಚಪ್ಪರ ದಾಟಿ, ಪಕ್ಕದ ತೋಟದ ತೆಂಗಿನಮರದ ಗರಿಗೆ ಹೋಗಿ ಸಿಕ್ಕಿಕೊಂಡಿತು.

ಅದರ ಹಿಂದೆಯೇ ಅವ್ವನ ದನಿ: "ಏನುಂಗ! ನಿಲ್ಸಿ ಅದ! ನನ್ನ ವಡಾಂ ಎಲ್ಲಾ ಮಣ್ಣಾಗೋಯ್ತು!"

ಹೇಳಿಬಿಟ್ಟು ಅವಳೇ ಬೆಚ್ಚಿದಳು. ಸೆರಗು ಬಾಯಿಗೆ ಒತ್ತಿಕೊಂಡು ತೆಂಗಿನಮರ ನೋಡಿದಳು. ಎಂಜಿನ್ ನಿಂತ ಮೇಲೆ ನಾನು ಏಣಿ ತರಲು ಹೊರಟೆ. "ಬೇಡ, ಅಲ್ಲೇ ಇರ್ಲಿ," ಅಂದಳು. "ಹಾರ್ಬೇಕು ಹಾರ್ಬೇಕು ಅಂತ ಸಾಯೋತನ್ಕ ಕುಂತಿದ್ರು." ಅಳುತ್ತಿದ್ದಳೋ ನಗುತ್ತಿದ್ದಳೋ, ನನಗೆ ನೋಡಲಾಗಲಿಲ್ಲ, ನಾನೂ ಅಳುತ್ತಿದ್ದೆ.

ರಾಯರು ಮುಖದ ಬಣ್ಣ ಒರೆಸಿಕೊಂಡು ನನ್ನ ಬಳಿ ಬಂದರು. "ನಿಮ್ಮ ತಾಯಿಯ ಕನ್ನಡ ನಮ್ಮ ಅಜ್ಜಿಯ ಕಾಲದ್ದು ರೀ. ದಯವಿಟ್ಟು ಅದಕ್ಕಾದರೂ ಬಣ್ಣ ಹೊಡೀಬೇಡಿ!" ಎಂದು ನಕ್ಕರು. ನನಗೆ ಹೋದ ಜೀವ ಬಂತು.

"ಊಟ ಮಾಡ್ಕೊಂಡು ಹೋಗ್ಬೇಕು ಸಾರ್," ಎಂದೆ.

"ಅಯ್ಯೋ, ಏನೂ ಬೇಡ. ತೊಂದರೆ ತಗೋಬೇಡಿ."

ನಾನು ಒಂದು ಸಲ ಬುದ್ಧಿ ಕಲಿತರೆ ಕಲಿತ ಹಾಗೆಯೇ! ನೇರ ಅಡುಗೆಮನೆಗೆ ಹೋಗಿ, "ರುಕ್ಕು, ಎಲೆ ಹಾಕ್ಬೇಡ. ಅವ್ರಿಗೆ ನಿಜ್ವಾಗ್ಲೂ ಏನೂ ಬೇಡ್ವಂತೆ," ಎಂದು ಆಜ್ಞೆ ಮಾಡಿದೆ. ಹೊರಗೆ ಬಂದು ಅವರನ್ನು ಕಟ್ಟೆಯ ಮೇಲೆ ಕೂರಿಸಿ, ಲೋಕಾಭಿರಾಮ ಮಾತಾಡುತ್ತಾ ಕೂತೆ. ಒಳಗಿಂದ ಕೋಳಿ ಸಾರಿನ ಘಮ ಬರುತ್ತಿತ್ತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬರ ಹೊಟ್ಟೆ ಎಂಜಿನ್ನಿನಂತೆ ಗುರುಗುಟ್ಟಿತು.

ರುಕ್ಕು ಬಾಗಿಲಿಗೆ ಬಂದಳು. "ಬಾಂಗಣ್ಣಾ, ಎಲೆ ಹಾಕಿವ್ನಿ," ಎಂದಳು. ಬೇಡ ಎಂದವರು ಮೂವರೂ ಒಟ್ಟಿಗೆ ಎದ್ದರು!

ನಾನೂ ಎದ್ದೆ.

"ನೀವು ಕೂತ್ಕಳಿ," ಅಂದಳು ರುಕ್ಕು, ಥಿನ್ನರಿನ ಡಬ್ಬಿಯನ್ನೂ ಹಳೇ ಬಟ್ಟೆಯನ್ನೂ ನನ್ನ ಕೈಗಿಟ್ಟು. "ಹಳದಿ ಕಾಣೋತನ್ಕ ಒರ್ಸಿ. ಆಮೇಲೆ ಊಟ."